ಹೊಗೆ ಇತ್ತೆಂಬ ಮಾತು

೩ ಸೆಪ್ಟೆಂಬರ್ ೧೯೯೫, ಭಾನುವಾರ

ಹರಿ ಇವತ್ತು ಮತ್ತೆ ಮುಂಬಯಿಯಿಂದ ಫೋನ್ ಮಾಡಿದ್ದ. ಜಕ್ಕೂರಿನಲ್ಲಿ ನನ್ನ ಜೊತೆ ವಿಮಾನ ಹಾರಿಸಲು ಕಲಿತವನು. ಈಗ ಹೊಸದಾಗಿ ಶುರುವಾದ ಖಾಸಗಿ ಏರ್‌ಲೈನ್ಸ್ ಒಂದರಲ್ಲಿ ಪೈಲಟ್‌ಗಳನ್ನು ಆರಿಸುವ ಕುರ್ಚಿಯಲ್ಲಿ ಕೂತಿದ್ದಾನೆ. "ಇನ್ನ ಎಷ್ಟು ವರ್ಷ ಒಬ್ಬ ಸಾಹುಕಾರನ ಡ್ರೈವರ್ ಆಗಿರ್ತೀ ಚಂದ್ರಾಮ? ಜಾಗ ಖಾಲಿ ಅದ, ಈಗ ಬಾ. ಮುಂದ ನಾ ಕರಿಬೇಕಂದ್ರೂ ಆಗಂಗಿಲ್ಲ" ಅಂದ.

ಡ್ರೈವರ್ ಎಂಬ ಮಾತು ದಿನವಿಡೀ ಚುಚ್ಚುತ್ತಲೇ ಇತ್ತು. ಏರ್‌ಲೈನ್ಸಿನವನಿಗೆ ಏನು ಗೊತ್ತು? ಅವನಿಗೆ ವೇಳಾಪಟ್ಟಿ ಇದೆ. ನನಗೆ ಸಾಹುಕಾರರ ಮನಸ್ಸೇ ವೇಳಾಪಟ್ಟಿ. ಮುಂಬಯಿ ಎಂದು ಸ್ನಾನಕ್ಕೆ ಹೋದವರು ವಿಭೂತಿ ಹಚ್ಚಿಕೊಂಡು ಬರುವಷ್ಟರಲ್ಲಿ ಮದ್ರಾಸು ಎನ್ನುತ್ತಾರೆ. ಹವಾಮಾನ ವಿಚಾರಿಸುವವನು, ಎಣ್ಣೆ ತುಂಬಿಸುವಾಗ ಪಕ್ಕದಲ್ಲಿ ನಿಲ್ಲುವವನು, ಮಂತ್ರಿಗಳಿಗೆ ಕೈಹಿಡಿದು ಮೆಟ್ಟಿಲು ಇಳಿಸುವವನು, ಕೊನೆಗೆ ಸೀಟಿನ ಸಂದಿಯಿಂದ ಶೇಂಗಾ ಸಿಪ್ಪೆ ಆರಿಸುವವನು, ಎಲ್ಲ ನಾನೇ. ಆದರೆ ಒಬ್ಬನೇ ನಡೆಸಬಹುದಾದ ಈ ಪುಟ್ಟ ಜೆಟ್ ನೆಲ ಬಿಟ್ಟು ಭೀಮೆಯ ತಿರುವಿನ ಮೇಲೆ ಹೋಗುವಾಗ, ಕೆಳಗೆ ನನ್ನ ಮಣ್ಣೂರು ಕಾಣಿಸುವಾಗ, ಈ ನೌಕರಿಯನ್ನು ಯಾರ ನೌಕರಿಯ ಜೊತೆಗೂ ಬದಲಿಸಿಕೊಳ್ಳಲಾರೆ ಅನಿಸುತ್ತದೆ.

ಸಾಹುಕಾರರು ಎಂದರೆ ಆಳಂದದ ಜಗದೇವಪ್ಪನವರು. ಆಳಂದದಲ್ಲಿ ಬೇಳೆ ಮಿಲ್ಲು, ಅಫಜಲಪುರ ಜೇವರ್ಗಿಗಳಲ್ಲಿ ಹತ್ತಿ ಬಿಡಿಸುವ ಜಿನ್ನು, ಮುಂಬಯಿಯಲ್ಲಿ ಆಫೀಸು. ನಮ್ಮಪ್ಪ ತೀರಿಕೊಂಡ ದಿನ ಮುಂಬಯಿಯ ಮೀಟಿಂಗು ಬಿಟ್ಟು ಮಣ್ಣೂರಿಗೆ ಬಂದು, ನಮ್ಮ ಅಂಗಳದಲ್ಲಿ ನೆಲದ ಮೇಲೆ ಕೂತವರು. ಅಂಥವರನ್ನು ಬಿಟ್ಟು ಹೋಗುವುದು ಹೇಗೆ? ಬರುವುದಿಲ್ಲ ಎಂದು ಹರಿಗೆ ಖಡಾಖಂಡಿತವಾಗಿ ಹೇಳಿದೆ. ಅವನು ಫೋನು ಕುಕ್ಕಿದ.

೯ ಸೆಪ್ಟೆಂಬರ್, ಶನಿವಾರ

ಮಳೆ ಹಿಡಿದಿದೆ. ಇಜೇರಿ ಕಡೆಯ ಈ ಎರೆ ನೆಲದ ಮೇಲೆ ಡಾಂಬರು ಸುರಿದು ರನ್‌ವೇ ಎಂದು ಕರೆಯುವುದಕ್ಕೆ ನಮ್ಮವರ ಧೈರ್ಯವೇ ಬೇಕು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ನಾದಿದ ಹಿಟ್ಟಿನಂತೆ ಉಬ್ಬುತ್ತದೆ. ಅಂಚಿಗೆ ಗಾಲಿ ಹೋದರೆ ಮುಗಿಯಿತು.

ಇಲ್ಲಿ ಟವರ್ ಇಲ್ಲ, ರೇಡಿಯೋ ಇಲ್ಲ. ವಾಚಮನ್ ಕರೀಮಸಾಬ ಇದ್ದಾನೆ. ವಿಮಾನ ಹೊರಟ ಸುದ್ದಿ ಜಿನ್ನಿಗೆ ಫೋನಿನಲ್ಲಿ ಬಂದೊಡನೆ ಅವನು ಸೈಕಲ್ಲಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ, ದನ ಎಬ್ಬಿಸಿ, ಅಂಚುಗಳನ್ನು ತುಳಿದು ನೋಡುತ್ತಾನೆ. ಎಲ್ಲ ಸರಿಯಿದ್ದರೆ ತೊಗರಿ ಕಟ್ಟಿಗೆಗೆ ಬೆಂಕಿ ಹಚ್ಚಿ, ಮೇಲೆ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಾನೆ. ಹೊಗೆ ಕಂಡರೆ ಇಳಿಯಬಹುದು. ಗಾಳಿ ಯಾವ ಕಡೆಯದೆಂಬುದೂ ತಿಳಿಯುತ್ತದೆ. ಕಾಣದಿದ್ದರೆ ಹೈದರಾಬಾದಿಗೆ ಹೋಗುವುದು, ಚರ್ಚೆಯಿಲ್ಲ. ಈ ಕಾನೂನು ಮಾಡಿದವನು ನಾನು. ಮೋಡದ ಕೆಳಗೆ ಬಂದು ಅವನ ಹೊಗೆ ಕಂಡಾಗ ಎಷ್ಟು ಸಲ ನಿಟ್ಟುಸಿರು ಬಿಟ್ಟಿದ್ದೇನೋ. ನನ್ನ ಪಾಲಿಗೆ ತಮ್ಮನಿಗಿಂತ ಹೆಚ್ಚು ಅವನು.

ಸಾಹುಕಾರರ ಮಗ ಅಣವೀರ ಇವತ್ತು ಮತ್ತೆ ಎಡಗಡೆಯ ಸೀಟು, ಎಂದರೆ ಕ್ಯಾಪ್ಟನ್ ಕೂರುವ ಸೀಟು, ಕೇಳಿದ. ಮುಂಬಯಿ ಕ್ಲಬ್ಬಿನಲ್ಲಿ ಆಟಿಕೆಯಂಥ ವಿಮಾನದ ಲೈಸೆನ್ಸು ತೆಗೆದುಕೊಂಡಿದ್ದಾನೆ. ಜೆಟ್ ನಡೆಸಲು ಅದು ಸಾಲದು. "ಅಪ್ಪ ಹೂಂ ಅಂದಾನ" ಎನ್ನುತ್ತಾನೆ. ಆಕಾಶಕ್ಕೂ ಇವನ ಅಪ್ಪನೇ ಮಾಲಕ ಎಂಬಂತೆ.

೧೪ ಸೆಪ್ಟೆಂಬರ್, ಗುರುವಾರ

ಯಾರಿಗೂ ಪೆಟ್ಟಾಗಿಲ್ಲ. ವಿಮಾನದ ಮುಂಗಾಲು ಮುರಿದಿದೆ, ಎಂಜಿನ್ನಿಗೆ ಕೆಸರು ಹೋಗಿದೆ. ಉಳಿದದ್ದು ನಾಳೆ.

೧೫ ಸೆಪ್ಟೆಂಬರ್, ಶುಕ್ರವಾರ

ಇವತ್ತು ಪೂರ್ತಿ ಬರೆಯುತ್ತೇನೆ.

ಮುಂಬಯಿಯಿಂದ ಬರುತ್ತಿದ್ದೆವು. ಹಿಂದೆ ಸಾಹುಕಾರರು ಮತ್ತು ಮ್ಯಾನೇಜರ್ ನಾಗಣ್ಣ. ಅಫಜಲಪುರದ ಹೊಸ ಮಿಲ್ಲಿಗೆ ಸ್ವಾಮಿಗಳಿಂದ ಅಡಿಗಲ್ಲು ಹಾಕಿಸುವ ಮುಹೂರ್ತವಿತ್ತು. ಅಪ್ಪನ ಅಪ್ಪಣೆ ಪಡೆದು ಅಣವೀರ ಎಡಗಡೆ ಕೂತಿದ್ದ, ನಾನು ಬಲಗಡೆ. ಮೋಡದಿಂದ ಕೆಳಗಿಳಿದಾಗ ರನ್‌ವೇ ಕಂಡಿತು. ಹೊಗೆ ಇರಲಿಲ್ಲ.

"ಹೊಗಿ ಇಲ್ಲ. ಮ್ಯಾಲ ತಗೋ, ಹೈದರಾಬಾದಿಗೆ ಹೋಗೂಣು" ಅಂದೆ.

"ಕಟ್ಟಿಗಿ ತೊಯ್ದಿರಬೇಕ್ರಿ. ನೆಲ ಕಾಣ್ಸಾಕತ್ತದಲ್ಲ" ಅಂದ ಅವನು.

ನಾನೇ ಮೇಲೆತ್ತಲು ಹಿಡಿಕೆಗೆ ಕೈ ಚಾಚಿದೆ. ಹಿಂದಿನಿಂದ ಸಾಹುಕಾರರ ದನಿ ಬಂತು. "ಇಳಸಲಿ ಬಿಡ್ರಿ ಕ್ಯಾಪ್ಟನ್. ಮುಹೂರ್ತ ತಪ್ತದ. ಅವನೂ ಕಲೀಬೇಕಲ್ಲ."

ಚಾಚಿದ ಕೈ ಅಲ್ಲೇ ನಿಂತಿತು. ಅವನು ವೇಗವಾಗಿ, ಓರೆಯಾಗಿ ಇಳಿಸಿದ. ಗಾಲಿ ಎಡ ಅಂಚಿಗೆ ಹೋಯಿತು. ಅಂಚು ಕುಸಿದೇ ಇತ್ತು. ಆಮೇಲೆ ಕೆಸರು ಗಾಜಿಗೆ ಬಡಿದ ಸದ್ದಷ್ಟೇ ನೆನಪಿದೆ. ಬಾಗಿಲು ತೆರೆದಾಗ ಮೊಳಕಾಲ ತನಕ ಕೆಸರು ಮೆತ್ತಿಕೊಂಡ ಕರೀಮಸಾಬ ಟವೆಲು ಬೀಸುತ್ತ ಓಡಿ ಬರುತ್ತಿದ್ದ. "ಹೊಗಿ ಹಾಕಿದ್ದಿಲ್ಲರೀ ಕಪ್ತಾನ ಸಾಬ್ರ, ದಂಡಿ ಕುಸದದ ಅಂತ ಹಾಕಿದ್ದಿಲ್ಲರೀ" ಎಂದು ಅದನ್ನೇ ಹೇಳುತ್ತಿದ್ದ. ಸುತ್ತ ಹೊಲಗಳಲ್ಲಿ ಮಳೆಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಸಂಜೆ ಸಾಹುಕಾರರು ಮನೆಗೆ ಕರೆಸಿ ಬಾಗಿಲು ಹಾಕಿಸಿದರು. ಇಳಿಸಿದವನು ಜೆಟ್ಟಿನ ಲೈಸೆನ್ಸಿಲ್ಲದ ಮಗ ಎಂದು ಗೊತ್ತಾದರೆ ವಿಮೆಯೂ ಹೋಯಿತು, ಹುಡುಗ ಜೈಲಿಗೂ ಹೋಗಬಹುದು. "ವಿಮಾನ ನೀವೇ ಇಳಿಸಿದ್ರಿ ಅನ್ರಿ. ನಿಮ್ಮಂಥ ಹಳಬರಿಗೆ ಒಂದು ತಾಕೀತು ಕೊಟ್ಟು ಬಿಡ್ತಾರ" ಅಂದರು. ಅಂಗಿಯ ಗುಂಡಿ ಬಿಚ್ಚಿ, ಎದೆಯ ಲಿಂಗ ಮುಟ್ಟಿ ಹೇಳಿದರು. "ನಿಮ್ಮನ್ನ ಕೈ ಬಿಡಂಗಿಲ್ಲ. ಇದರ ಆಣಿ."

ನಮ್ಮಲ್ಲಿ ಲಿಂಗ ಮುಟ್ಟಿ ಆಡಿದ ಮಾತಿಗೆ ಮೇಲೆ ಮಾತಿಲ್ಲ. ನಾನು ಒಪ್ಪಿದೆ. ಮನೆಗೆ ಬಂದು ಹೆಂಡತಿ ಶಿವಕಾಂತಾಳಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ "ಇಷ್ಟು ಲಗೂ ಒಪ್ಪಬಾರದಿತ್ತು" ಅಂದಳು. ಹೆಂಗಸರಿಗೆ ವ್ಯವಹಾರ ತಿಳಿಯುವುದಿಲ್ಲ.

೨೦ ಸೆಪ್ಟೆಂಬರ್, ಬುಧವಾರ

ವಿಮಾನಯಾನ ಇಲಾಖೆಯ ಅಧಿಕಾರಿ ಬೆಂಗಳೂರಿನಿಂದ ಬಂದಿದ್ದ. ನಾನೇ ಇಳಿಸಿದೆ ಎಂದು ಹೇಳಿಕೆ ಕೊಟ್ಟೆ. ರೇಡಿಯೋ ಇಲ್ಲದೆ ಇಷ್ಟು ವರ್ಷ ಹೇಗೆ ನಡೆಸಿದಿರಿ ಎಂದು ಕೇಳಿದ. ಹೊಗೆಯ ಪದ್ಧತಿಯನ್ನು ಮೊದಲಿನಿಂದ ಕೊನೆಯ ತನಕ ವಿವರಿಸಿದೆ. ಬಹಳ ಆಸಕ್ತಿಯಿಂದ ಬರೆದುಕೊಂಡ. ಹಳ್ಳಿಗಾಡಿನ ಪೈಲಟ್ ಎಂದುಕೊಂಡು ಬಂದವನು ಹೋಗುವಾಗ ಕೈ ಕುಲುಕಿದ.

೪ ಅಕ್ಟೋಬರ್, ಬುಧವಾರ

ಇಲಾಖೆಯಿಂದ ನೋಟೀಸು ಬಂದಿದೆ. ಅಪಘಾತದ ದಿನ ಹೊಗೆ ಇತ್ತೆ? ಇಲ್ಲದಿದ್ದರೆ ಏಕೆ ಇಳಿಸಿದಿರಿ? ನವೆಂಬರಿನಲ್ಲಿ ಗುಲ್ಬರ್ಗಾದಲ್ಲಿ ವಿಚಾರಣೆ, ನಾನೂ ವಾಚಮನ್ನನೂ ಹಾಜರಾಗಬೇಕು. ಅಲ್ಲಿಯವರೆಗೆ ನಾನು ವಿಮಾನ ಮುಟ್ಟುವಂತಿಲ್ಲ.

ಹೊಗೆ ಇಲ್ಲದೆ ನಾನೇ ಇಳಿಸಿದೆ ಎಂದರೆ ಗೊತ್ತಿದ್ದೂ ಬಾವಿಗೆ ಹಾರಿದಂತೆ. ಲೈಸೆನ್ಸು ಹೋಗುತ್ತದೆ, ಮತ್ತೆ ಬರುವುದಿಲ್ಲ. ನಲವತ್ತು ದಾಟಿದ ಮೇಲೆ ವಿಮಾನ ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ?

ಸಾಹುಕಾರರನ್ನು ನೋಡಲು ಹೋದೆ. ಅರ್ಜಿ ಹಿಡಿದವರ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂರಿಸಿ, ಇವತ್ತು ಆಗುವುದಿಲ್ಲ ಎಂದು ಹೇಳಿ ಕಳಿಸಿದರು.

೧೧ ಅಕ್ಟೋಬರ್, ಬುಧವಾರ

ಹೈದರಾಬಾದಿನಿಂದ ಬಾಡಿಗೆ ವಿಮಾನ ಬಂದಿದೆ, ಜೊತೆಗೆ ಒಬ್ಬ ಕ್ಯಾಪ್ಟನ್. ಇನ್ನೂ ಮೀಸೆ ಬಲಿತಿಲ್ಲ, ಕಪ್ಪು ಕನ್ನಡಕ ಬೇರೆ. ನಮ್ಮ ವಿಮಾನ ರಿಪೇರಿಯಾದ ಮೇಲೆ ಅದನ್ನೂ ಅವನೇ ನಡೆಸುತ್ತಾನಂತೆ. ಶೆಡ್ಡಿನ ಬೀಗದ ಕೈಯನ್ನು ಜವಾನನ ಮೂಲಕ ನನ್ನಿಂದ ತರಿಸಿಕೊಂಡರು. ಸಾಹುಕಾರ ಕಾರಿನಲ್ಲಿ ನನ್ನ ಪಕ್ಕದಿಂದಲೇ ಹೋದ. ಗಾಜು ಇಳಿಸಲಿಲ್ಲ.

ಲಿಂಗ ಮುಟ್ಟಿದ ಮನುಷ್ಯ. ನಾನು ಮೋಸಹೋದೆ. ಅವನ ಮಗನ ತಪ್ಪನ್ನು ತಲೆಯ ಮೇಲೆ ಹೊತ್ತು, ಅವನಿಂದಲೇ ಬೀದಿಗೆ ಬಿದ್ದೆ. ಒಬ್ಬನನ್ನು ನಂಬಿಸಿ ಅವನ ಬಾಯಿಂದಲೇ ಅವನ ಕತ್ತು ಹಿಸುಕುವವರು ಮನುಷ್ಯರೇ ಅಲ್ಲ. ಇವತ್ತು ಊಟ ಸೇರಲಿಲ್ಲ.

೧೩ ಅಕ್ಟೋಬರ್, ಶುಕ್ರವಾರ

ಹರಿಗೆ ನಾನೇ ಫೋನ್ ಮಾಡಿದೆ. "ವಿಚಾರಣಿ ಮುಗೀಲಿ, ಆಮ್ಯಾಲ ನೋಡೂಣು" ಅಂದ. ಬೇಗ ಬೇಗ ಮಾತು ಮುಗಿಸಿದ.

೧೬ ಅಕ್ಟೋಬರ್, ಸೋಮವಾರ

ನಾಗಣ್ಣ ಮನೆಗೆ ಬಂದಿದ್ದ. ಚಹಾ ಕುಡಿದು, ಅಡಕೆ ಬಾಯಿಗೆ ಹಾಕಿಕೊಂಡು ವಿಷಯಕ್ಕೆ ಬಂದ.

"ಹೊಗಿ ಇತ್ತು ಅನ್ರಿ. ನಾನೂ ಸಾಹುಕಾರ್ರೂ ಸಾಕ್ಷಿ ಹೇಳ್ತೇವಿ. ದಂಡಿ ನೋಡಲಾರದ ಹೊಗಿ ಹಾಕಿದ್ದು ವಾಚಮನ್ನನ ತಪ್ಪು ಆಗ್ತದ. ನಿಮ್ಮ ಲೈಸೆನ್ಸ ಉಳೀತದ, ನಿಮ್ಮ ಸೀಟು ನಿಮಗ."

"ಕರೀಮಸಾಬ ಏನಂತಾನ?"

"ಅವನಿಗೆ ನೀವ ಹೇಳ್ಬೇಕು. ನಿಮ್ಮ ಮಾತು ತಗದು ಹಾಕಂಗಿಲ್ಲ ಅವ."

ಎದ್ದು ಬಾಗಿಲು ತೋರಿಸಿದೆ. "ನಾ ಸಾಹುಕಾರನಂಥವ ಅಲ್ಲ ಅಂತ ಹೇಳ್ರಿ" ಅಂದೆ. ಅವನು ನಗುತ್ತಲೇ ಹೋದ. ಶಿವಕಾಂತಾ ಒಳಗಿನಿಂದ ಕೇಳಿಸಿಕೊಂಡಿರಬೇಕು. ಬಹಳ ದಿನಗಳ ಮೇಲೆ ಶೇಂಗಾ ಹೋಳಿಗೆ ಮಾಡಿದಳು.

೨೩ ಅಕ್ಟೋಬರ್, ಸೋಮವಾರ

ದೀಪಾವಳಿ. ಪ್ರತಿವರ್ಷ ಸಾಹುಕಾರನ ಮನೆಯಿಂದ ಬರುತ್ತಿದ್ದ ಚಕ್ಕುಲಿ ಉಂಡೆಗಳ ಫರಾಳದ ಬುಟ್ಟಿ ಬರಲಿಲ್ಲ. ಬಂದಿದ್ದರೆ ಎಸೆಯುತ್ತಿದ್ದೆ. ಹೊಸ ಕ್ಯಾಪ್ಟನ್ನಿನ ಬಾಗಿಲಿಗೆ ಹೋಗಿದ್ದನ್ನು ಕಣ್ಣಾರೆ ನೋಡಿದೆ. ಡಿಸೆಂಬರಿನೊಳಗೆ ನಾವಿರುವ ಕ್ವಾರ್ಟರ್ಸ್ ಖಾಲಿ ಮಾಡಬೇಕಂತೆ. ಸಂಜೆ ಬಾಡಿಗೆ ವಿಮಾನ ನಮ್ಮ ಸೂರಿನ ಮೇಲೆಯೇ ಹಾದು ಇಳಿಯಿತು. ಕರೀಮಸಾಬನ ಹೊಗೆ ನೆಟ್ಟಗೆ ಏಳುತ್ತಿತ್ತು. ಬೇರೆಯವನಿಗೂ ಅಷ್ಟೇ ಚೆನ್ನಾಗಿ ಹಾಕುತ್ತಾನೆ.

೨೬ ಅಕ್ಟೋಬರ್, ಗುರುವಾರ

ಬೆಳಗ್ಗೆ ಕರೀಮಸಾಬನ ಮನೆಗೆ ಹೋಗಿದ್ದೆ. ಸುಮ್ಮನೆ ಮಾತಾಡಿ ಬರೋಣ ಎಂದೇ ಹೊರಟದ್ದು. ಅವನ ಹೆಂಡತಿ ಖುರ್ಷಿದ ನನ್ನನ್ನು ನೋಡಿ ಹಾಲು ತರಲು ಹೊರಗೆ ಓಡಿದಳು. ಹೊರಸಿನ ಮೇಲೆ ಹೊಸ ಚಾದರ ಹಾಸಿ ನನ್ನನ್ನು ಕೂರಿಸಿ, ಅವನು ಕೆಳಗೆ ಕೂತ.

ವಿಷಯ ಹೇಳಿದೆ. ನಾಗಣ್ಣನ ಹಾಗೆ ಸುತ್ತಿಬಳಸಲಿಲ್ಲ, ನೇರವಾಗಿ ಹೇಳಿದೆ. ಕಳೆದುಕೊಳ್ಳಲು ವಾಚಮನ್ನನಿಗೆ ಲೈಸೆನ್ಸಿಲ್ಲ. ಒಂದು ಬೈಗಳ ತಿನ್ನಬೇಕಾಗಬಹುದು, ಅಷ್ಟೇ. ನನ್ನದಾದರೆ ಬದುಕೇ ಹೋಗುತ್ತದೆ.

ಅವನು ಹೊರಸಿನಿಂದ ಜಾರಿದ ಚಾದರದ ಅಂಚು ಸರಿಮಾಡಿದ.

"ಹೊಗಿ ಹಾಕಿದ್ದೆ ಅಂದ್ರ, ದಂಡಿ ನೋಡಲಾರದ ಹಾಕಿದೆ ಅಂದಂಗ ಆಗ್ತದಲ್ಲರೀ ಸಾಬ್ರ."

"ಆಗ್ತದ."

"ಹಂಗ ನಾ ಒಂದಿನಾನೂ ಮಾಡಿಲ್ಲರೀ."

"ನನಗ ಗೊತ್ತದ ಕರೀಮ."

"ನಿಮಗ ಗೊತ್ತಿದ್ರ ಆತು ಬಿಡ್ರಿ. ಹೇಳ್ತೇನಿ."

ಅವನಿಗೆ ಧೈರ್ಯ ಬರಲೆಂದು ಎದೆಯ ಲಿಂಗ ಮುಟ್ಟಿ, ನಿನ್ನ ನೌಕರಿಗೆ ಧಕ್ಕೆ ಬರದ ಹಾಗೆ ನೋಡಿಕೊಳ್ಳುತ್ತೇನೆ ಅಂದೆ. "ಅದೆಲ್ಲ ಯಾಕ್ರಿ, ನಿಮ್ಮ ಮಾತು ಸಾಕು" ಎಂದು ನನ್ನ ಕೈ ಹಿಡಿದು ಕೆಳಗಿಳಿಸಿದ. ಖುರ್ಷಿದಳಿಗೂ ಹೇಳಬೇಡ, ಹೆಂಗಸರ ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲ ಅಂದೆ. ಹೂಂ ಅಂದ.

ಮನೆಯಲ್ಲಿ ಶಿವಕಾಂತಾಳಿಗೂ ತಿಳಿಸಿದೆ. ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಮಾತು ತೆಗೆದುಕೊಂಡೆ. "ಆತು" ಎಂದಳು. ನನಗೊಬ್ಬನಿಗೇ ಊಟ ಬಡಿಸಿಟ್ಟು ಹಿತ್ತಲಿಗೆ ಹೋಗಿ ಕೂತಳು. ಕ್ವಾರ್ಟರ್ಸ್ ಹೋದರೆ ಇವಳೂ ನನ್ನ ಜೊತೆಯೇ ಬೀದಿಗೆ ಬರಬೇಕೆಂಬ ಪರಿವೆಯೇ ಇಲ್ಲ.

೩ ನವೆಂಬರ್, ಶುಕ್ರವಾರ

ಗುಲ್ಬರ್ಗಾದ ಸರ್ಕಾರಿ ವಿಶ್ರಾಂತಿಗೃಹದಲ್ಲಿ ವಿಚಾರಣೆ ಮುಗಿಯಿತು. ನಾನು ಹೊಗೆ ಕಂಡು ಇಳಿಸಿದೆ ಅಂದೆ. ಸಾಹುಕಾರರು, ನಾಗಣ್ಣ ಹೌದು ಅಂದರು. ಆಮೇಲೆ ವಾಚಮನ್ನನನ್ನು ಕರೆದರು. ಒಗೆದ ಅಂಗಿ, ತಲೆಗೆ ಟೋಪಿ.

"ಹೊಗೆ ಹಾಕಿದ್ದೆಯಾ?" ಎಂದು ಅಧಿಕಾರಿ ಕೇಳಿದ.

"ಹೌದ್ರಿ."

"ಅಂಚು ನೋಡಿದ್ದೆಯಾ?"

"ಇಲ್ಲರೀ. ಮಳಿ ಭಾಳ ಇತ್ತು, ಹೋಗಾಕ ಬ್ಯಾಸರಾತು. ನೋಡಲಾರದ ಹಾಕಿದೆ."

ಬೇಸರದ ಮಾತು ನಾನು ಹೇಳಿಕೊಟ್ಟದ್ದಲ್ಲ, ಅವನೇ ಸೇರಿಸಿದ. ಅಧಿಕಾರಿ ಮೇಜು ಗುದ್ದಿದ. "ನಾಲ್ಕು ಜನ ಸಾಯ್ತಿದ್ರು, ನಿನ್ನ ಬೇಸರದಿಂದ" ಅಂದ. ಜಿನ್ನಿನಿಂದ ಬಂದವರೆಲ್ಲ ಬಾಗಿಲಲ್ಲೇ ನಿಂತಿದ್ದರು. ಅವನು ತಲೆ ತಗ್ಗಿಸಿಕೊಂಡು ಹೊರಗೆ ಹೋದ. ಬರುವಾಗ ನಮ್ಮ ಜೀಪಿನಲ್ಲಿ ಜಾಗವಿತ್ತು. ಬಸ್ಸಿನಲ್ಲಿ ಬರುತ್ತೇನೆ ಅಂದನಂತೆ.

ಎದೆಯ ಮೇಲಿನ ಕಲ್ಲು ಇಳಿದಿದೆ.

೨೯ ನವೆಂಬರ್, ಬುಧವಾರ

ಎಚ್ಚರಿಕೆಯ ಪತ್ರವಷ್ಟೇ. ಲೈಸೆನ್ಸು ಉಳಿಯಿತು. ಸಾಹುಕಾರರು ಕರೆಸಿ ಪಕ್ಕದಲ್ಲೇ ಕೂರಿಸಿಕೊಂಡರು. "ಕೈ ಬಿಡಂಗಿಲ್ಲ ಅಂದಿದ್ದೆ, ಬಿಟ್ನೇನು?" ಎಂದು ಬೆನ್ನು ತಟ್ಟಿದರು. ಕಪ್ಪು ಕನ್ನಡಕದವನು ಹೈದರಾಬಾದಿಗೆ ಹಿಂತಿರುಗಿದ.

ವಾಚಮನ್ನನನ್ನು ತೆಗೆದುಹಾಕಿದ್ದಾರೆ. ವಿಮೆಯವರು ಕೇಳಿದರಂತೆ. ಮಾತಾಡೋಣವೆಂದೇ ಇದ್ದೆ. ಆದರೆ ಸಾಹುಕಾರರು ಇಷ್ಟು ದಿನಗಳ ಮೇಲೆ ನಗುತ್ತ ಕೂತಿದ್ದಾಗ ಆ ಪ್ರಸ್ತಾಪ ಬೇಡವೆನಿಸಿತು. ಮುಂದಿನ ವಾರ ನೋಡಿದರಾಯಿತು.

೧೨ ಡಿಸೆಂಬರ್, ಮಂಗಳವಾರ

ಹಾರಿದೆ. ಭೀಮೆ ತಿಳಿಯಾಗಿದೆ, ಎರಡೂ ದಂಡೆಯಲ್ಲಿ ಜೋಳ ಎದ್ದಿದೆ. ಹೊಸ ವಾಚಮನ್ ಹೊಗೆಗೆ ಸೀಮೆಎಣ್ಣೆ ಸುರಿಯುತ್ತಾನೆ, ಕರ್ರಗೆ ಏಳುತ್ತದೆ. ಕೆಲಸ ನಡೆಯುತ್ತದೆ. ಹಳಬನ ವಿಷಯ ಮಾತಾಡಲು ಸಮಯ ಸಿಕ್ಕಿಲ್ಲ.

೮ ಜನವರಿ ೧೯೯೬, ಸೋಮವಾರ

ಮಧ್ಯಾಹ್ನ ಊಟ ಮುಗಿಸುವ ಹೊತ್ತಿಗೆ ಕರೀಮಸಾಬ ಬಂದ. ಕಿಟಕಿಯಿಂದಲೇ ಕಂಡಿತು. ಮನೆಯಲ್ಲಿಲ್ಲ ಎಂದು ಹೇಳು ಅಂತ ಶಿವಕಾಂತಾಳಿಗೆ ಸನ್ನೆ ಮಾಡಿದೆ. ಅವಳು ಬಾಗಿಲು ಪೂರ್ತಿ ತೆರೆದು "ಬರ್ರಿ ಕರೀಮಣ್ಣ, ಒಳಗ ಅದಾರ" ಅಂದಳು.

ನೌಕರಿ ಕೇಳಲು ಬಂದಿದ್ದಾನೆಂದುಕೊಂಡು, ಸಾಹುಕಾರರು ಊರಲ್ಲಿಲ್ಲ ಎಂದು ನಾನೇ ಮೊದಲು ಹೇಳಿದೆ.

"ನೌಕರಿಗಿ ಬಂದಿಲ್ಲರೀ ಸಾಬ್ರ. ಬಸ್ ಸ್ಟ್ಯಾಂಡಿನಾಗ ಗಾಡಿ ಹಚ್ಚೇನಿ, ಬಾಳಿಹಣ್ಣು ಮಾರಾಕತ್ತೇನಿ" ಅಂದ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದ. ಶಿವಕಾಂತಾಳ ಕೈಗೆ ಕೊಟ್ಟ. ಆಮೇಲೆ ತಡವರಿಸಿದ. "ಖುರ್ಷಿದ ನನ್ನ ಸಂಗಾಟ ಮಾತು ಬಿಟ್ಟಾಳ್ರೀ. ಬ್ಯಾಸರಾತಂತ ನಾಲ್ಕು ಮಂದಿ ಜೀವಾ ತಗೀಲಿಕ್ಕಿದ್ದಿ, ನಿನ್ನ ಕೈಲಿ ಹೆಂಗ ಉಣ್ಣಲಿ ಅಂತಾಳ. ಓಣ್ಯಾಗಿನ ಮಂದಿ ಅಂದ್ರ ಅನ್ನಲಿ. ನೀವು ಹೇಳಬ್ಯಾಡ ಅಂದಿದ್ರಿ, ಹೇಳಿಲ್ಲ ನಾ. ನೀವ ಬಂದು ಆಕಿಗಿ ಅಷ್ಟ ಒಂದು ಮಾತು ಹೇಳ್ರಿ ಸಾಬ್ರ. ಹೊಗಿ ಹಾಕಿದ್ದಿಲ್ಲಂತ."

ಅವಳಿಗೆ ಹೇಳಿದರೆ ನಾಳೆ ಬಸ್ ಸ್ಟ್ಯಾಂಡಿಗೇ ಗೊತ್ತಾಗುತ್ತದೆ. ಅಷ್ಟು ತಿಳಿಯದವನೇನಲ್ಲ ಅವನು. ತಿಳಿದೇ ಬಂದಿದ್ದಾನೆ. ಮಾಡಿದ ಉಪಕಾರಕ್ಕೆ ಹೀಗೆ ಸಾವಕಾಶವಾಗಿ ಬಡ್ಡಿ ಕೇಳುವವನೆಂದು ಗೊತ್ತಿದ್ದರೆ ಅವನ ಮನೆಯ ಮೆಟ್ಟಿಲು ತುಳಿಯುತ್ತಿರಲಿಲ್ಲ. ತಮ್ಮನಿಗಿಂತ ಹೆಚ್ಚೆಂದು ನಂಬಿದ್ದೆ.

"ನೋಡೂಣು. ಈ ವಾರ ಮುಂಬಯಿ ಅದ, ಬಂದ ಮ್ಯಾಲ" ಅಂದೆ.

ಅವನು ಆಗಲಿ ಎಂದು ಎದ್ದ. ಆಗ ಶಿವಕಾಂತಾ ಸೆರಗು ಹೊದ್ದುಕೊಂಡು ಒಳಗಿನಿಂದ ಬಂದಳು, ಚಪ್ಪಲಿ ಮೆಟ್ಟಿದಳು.

"ಎಲ್ಲಿಗಿ?" ಅಂದೆ.

"ಖುರ್ಷಿದನ ಮನಿಗಿ."

"ಬಾಯಿ ಬಿಡಂಗಿಲ್ಲ ಅಂತ ಮಾತು ಕೊಟ್ಟೀದಿ ನೀ."

"ಕೊಟ್ಟಿದ್ದೆ" ಎಂದಳು. ನನ್ನ ಕಡೆ ನೋಡಲೂ ಇಲ್ಲ. "ನಡೀರಿ ಕರೀಮಣ್ಣ."

ಇಬ್ಬರೂ ಜಿನ್ನಿನ ರಸ್ತೆಯಲ್ಲಿ ಮುಂದೆ ಹೋದರು. ಕರೆಯೋಣವೆಂದು ಬಾಗಿಲ ತನಕ ಹೋದೆ. ನೆರೆಯವರು ಅಂಗಳದಲ್ಲಿದ್ದುದರಿಂದ ಕರೆಯಲಿಲ್ಲ. ಸಂಜೆಯಾಗುತ್ತ ಬಂತು, ಇನ್ನೂ ಬಂದಿಲ್ಲ. ಏನು ಹೇಳಿದಳೋ, ಯಾರ್‍ಯಾರು ಕೇಳಿದರೋ. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ. ನನಗೆ ಕೊಟ್ಟ ಮಾತನ್ನು ಈ ಊರಿನಲ್ಲಿ ಒಬ್ಬರೂ ಉಳಿಸಿಕೊಳ್ಳಲಿಲ್ಲ.